ಪುಟ್ಟಿಯ ನಿದ್ದೆ ಒಂದು ಹದಕ್ಕೆ ಬಂತು

ಲೀಡ್ಸ್, ಇಂಗ್ಲೆಂಡ್, ಜೂನ್ ತಿಂಗಳು

ಪ್ರೀತಿಯ ಅಮ್ಮ, ಅಪ್ಪಾಜಿ, ಅಜ್ಜಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿ ರಾತ್ರಿ ನಿದ್ದೆ ಮಾಡ್ತಾಳಾ ಅಂತ ಅಮ್ಮ ಫೋನಿನಲ್ಲಿ ಕೇಳುತ್ತಲೇ ಇದ್ದೆಯಲ್ಲ. ಈಗ ಮಾಡುತ್ತಿದ್ದಾಳೆ. ಹೇಗಾಯಿತು ಅಂತ ನಿಧಾನವಾಗಿ ಬರೆಯುತ್ತೇನೆ. ದಸರಾಕ್ಕೆ ಮಂಡ್ಯಕ್ಕೆ ಬಂದಾಗ ನಿಮಗೂ ಬೇಕಾಗುತ್ತದೆ.

7 ತಿಂಗಳು ತುಂಬುವ ಹೊತ್ತಿಗೆ ಎಲ್ಲ ಏರುಪೇರಾಗಿತ್ತು. ಹಗಲು ಮೂರು ಸಲ ಮಲಗುತ್ತಿದ್ದಳು. ಮೂರನೆಯದು ಸಂಜೆ 5 ದಾಟಿದ ಮೇಲೆ. ಹಾಗಾಗಿ ರಾತ್ರಿ 10 ಆದರೂ ಕಣ್ಣು ಮುಚ್ಚುತ್ತಿರಲಿಲ್ಲ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದುಬಿಡುತ್ತಿದ್ದಳು. ಇಲ್ಲಿ ಈ ತಿಂಗಳು ಸೂರ್ಯನೂ ಅಷ್ಟೊತ್ತಿಗೇ ಹುಟ್ಟುತ್ತಾನೆ, ರಾತ್ರಿ ಒಂಬತ್ತೂವರೆವರೆಗೂ ಬೆಳಕು. ಕಿಟಕಿಗೆ ದಪ್ಪನೆಯ ಕಪ್ಪು ಪರದೆ ಹಾಕಿದೆವು. ಅದರಿಂದ ಸ್ವಲ್ಪ ಅನುಕೂಲವಾಯಿತು.

ನಿಜವಾಗಿ ಕೆಲಸ ಮಾಡಿದ್ದು ಅವಳು ಎಚ್ಚರ ಇರುವ ಹೊತ್ತನ್ನು ಸರಿಮಾಡಿದ್ದು. ನಾವು ಎದ್ದಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಅನ್ನೋ ರಾಸಾಯನಿಕ ಸೇರುತ್ತಾ ಹೋಗುತ್ತದಂತೆ, ಅದೇ ನಿದ್ದೆಗೆ ಎಳೆಯುವುದು. ಹಸಿವಿನ ಹಾಗೇ ಅಮ್ಮ. ಹಸಿಯದೆ ತುತ್ತಿಟ್ಟರೆ ಉಗುಳುತ್ತಾಳೆ, ಹೊತ್ತು ಮೀರಿದರೆ ರಂಪ ಮಾಡಿ ಬಾಯೇ ತೆರೆಯಲ್ಲ. ಹುಟ್ಟಿದ ಹೊಸದರಲ್ಲಿ ಒಂದು ಗಂಟೆ ಎಚ್ಚರ ಇದ್ದರೇ ಜಾಸ್ತಿ. ಈ ವಯಸ್ಸಿಗೆ ಎರಡೂವರೆಯಿಂದ ಮೂರೂವರೆ ಗಂಟೆ ಬೇಕು. ಎದ್ದ ಎರಡು ಗಂಟೆಗೆ ಮಲಗುತ್ತಿದ್ದವಳನ್ನು ಎರಡು ಮೂರು ದಿನಕ್ಕೊಮ್ಮೆ 10-15 ನಿಮಿಷ ಮುಂದಕ್ಕೆ ತಂದೆವು. ಮೂರನೇ ನಿದ್ದೆ ತಾನಾಗಿಯೇ ಬಿಟ್ಟುಹೋಯಿತು.

ಈಗ ಆರೂವರೆಗೆ ಏಳುತ್ತಾಳೆ. ಒಂಬತ್ತು ಕಾಲಿಗೆ ಒಂದು ನಿದ್ದೆ, ಮಧ್ಯಾಹ್ನ ಒಂದೂವರೆಗೆ ಇನ್ನೊಂದು, ರಾತ್ರಿ 7ಕ್ಕೆ ಮಲಗಿದರೆ ಬೆಳಗಾಗುವ ತನಕ. ನಡುವೆ ಒಂದು ಸಲ ಹಾಲಿಗೆ ಎದ್ದರೆ ಎದ್ದಳು. ಒಂದು ವರ್ಷದೊಳಗಿನ ಇಷ್ಟು ವಯಸ್ಸಿನ ಮಗುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. ಅದು ಸಿಗುತ್ತಿದೆ.

ಗಡಿಯಾರ ಒಂದನ್ನೇ ನೆಚ್ಚಿಕೊಂಡಿಲ್ಲ. ಅರ್ಧ ಗಂಟೆಗೇ ಎದ್ದ ದಿನ ಮುಂದಿನ ನಿದ್ದೆಗೆ ಬೇಗ ಮಲಗಿಸುತ್ತೇನೆ. ನಿದ್ದೆ ಬಂದಾಗ ಮೊದಲು ಆಟದ ಸಾಮಾನಿನಿಂದ ಮುಖ ಆ ಕಡೆ ತಿರುಗಿಸುತ್ತಾಳೆ. ಆಮೇಲೆ ಬಲಗಿವಿಯ ತುದಿ ಹಿಡಿದು ಎಳೆಯುತ್ತಾಳೆ, ಕಾಲು ನೆಲಕ್ಕೆ ಬಡಿಯುತ್ತಾಳೆ. ಕಿವಿ ಹಿಡಿದಳು ಅಂದರೆ ಎತ್ತಿಕೊಂಡು ಕೋಣೆಗೆ ಹೋಗಬೇಕು. ಇದನ್ನು ಅಜ್ಜಿಗೂ ಹೇಳು.

ಬರುವಾಗ ಅವಳಿಗೆ 11 ತಿಂಗಳು. ನಿಮಗಿಂತ ನಾವು ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿಯ 7 ಅಂದರೆ ಅಲ್ಲಿ ಹನ್ನೊಂದೂವರೆ. ಮೊದಲ ಕೆಲವು ದಿನ ಮಗು ಮಧ್ಯರಾತ್ರಿವರೆಗೂ ಆಡುತ್ತಾಳೆ, ಗಾಬರಿಯಾಗಬೇಡ. ಬೆಳಿಗ್ಗೆ ಬೇಗ ಎಬ್ಬಿಸಿ ಅಪ್ಪಾಜಿ ಎತ್ತಿಕೊಂಡು ಹೊರಗೆ ಬೆಳಕಿಗೆ ಹೋಗಲಿ. ಬೆಳಗಿನ ಬೆಳಕೇ ದೇಹಕ್ಕೆ ಹೊಸ ಹೊತ್ತು ಕಲಿಸುವುದು. ಎಣ್ಣೆ ತಿಕ್ಕಿ ನೀರು ಹಾಕುವುದು ನಿನ್ನದೇ, ಮೊದಲ ನಿದ್ದೆಗೆ ಮುಂಚೆ ಹಾಕು. ಸಾಂಬ್ರಾಣಿ ಹೊಗೆ ಮಾತ್ರ ಬೇಡ.

ಅಜ್ಜಿ ರಾಗಿ ದಿಂಬು ಹೊಲಿದಿಟ್ಟಿದ್ದಾರೆ ಅಂದೆಯಲ್ಲ. ಕೇಳಿ ಕಣ್ಣು ತುಂಬಿತು. ಆದರೆ ವರ್ಷ ತುಂಬುವ ತನಕ ದಿಂಬು ಕೊಡಬಾರದು ಅಂತಾರೆ, ಉಸಿರು ಕಟ್ಟುವ ಭಯ. ಅದನ್ನು ಎತ್ತಿಡಲಿ. ತೊಟ್ಟಿಲೂ ಅಟ್ಟದಲ್ಲೇ ಇರಲಿ, ಅಷ್ಟೊತ್ತಿಗೆ ಹಿಡಿದು ನಿಲ್ಲುತ್ತಾಳೆ. ಕೋಣೆಯಲ್ಲಿ ನೆಲದ ಮೇಲೆ ಗಟ್ಟಿ ಹಾಸಿಗೆ ಸಾಕು.

ಜಂಬೂಸವಾರಿಗೆ ಹೋಗೋಣ ಅಂತ ಅಪ್ಪಾಜಿ ಆಸೆಪಡುತ್ತಿದ್ದರು. ಅದು ಮಧ್ಯಾಹ್ನ, ಆ ಜನಜಂಗುಳಿಯಲ್ಲಿ ಅವಳಿಗೆ ನಿದ್ದೆ ಸಿಗಲ್ಲ. ಬದಲಿಗೆ ಬಂದ ಮೊದಲ ದಿನಗಳಲ್ಲೇ ಮೈಸೂರಿಗೆ ಹೋಗಿ ಅರಮನೆ ದೀಪ ತೋರಿಸೋಣ. ಸಂಜೆ 7ಕ್ಕೆ ಅವಳ ಲೆಕ್ಕದಲ್ಲಿ ಇನ್ನೂ ಮಧ್ಯಾಹ್ನ ಎರಡೂವರೆ, ಹೋಗುವಾಗ ಕಾರಿನಲ್ಲೇ ಎರಡನೇ ನಿದ್ದೆ ಮುಗಿಸಿದರೆ ಚೆನ್ನಾಗಿ ಎಚ್ಚರ ಇರುತ್ತಾಳೆ. ಕಾರು ಈಗಲೇ ಹೇಳಿಡಿ.

ನಿನ್ನ ಮಗಳು