ಮಗುವಿನ ಪಕ್ಕದ ಆಸನಕ್ಕೂ ಶುಲ್ಕವೇ?

ಮಾನ್ಯರೇ,

12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿ (ಟಿಕೆಟ್ ಕಾಯ್ದಿರಿಸಿದ ಸಂಖ್ಯೆಯಲ್ಲಿ) ಪ್ರಯಾಣಿಸುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗಾದರೂ ಆಸನ ನೀಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಏಪ್ರಿಲ್‌ನಲ್ಲಿ ವಿಮಾನಯಾನ ಸಂಸ್ಥೆಗಳಿಗೆ ಸೂಚಿಸಿತ್ತು. ಆದರೆ ಟಿಕೆಟ್ ಕಾಯ್ದಿರಿಸುವಾಗ ಆಸನ ಆಯ್ಕೆಯ ಶುಲ್ಕ ಎದ್ದು ಕಾಣುವಷ್ಟು ಈ ಸೂಚನೆ ಕಾಣುವುದಿಲ್ಲ. ಹೀಗಾಗಿ, ಮಗು ಬೇರೆ ಸಾಲಿಗೆ ಹೋದೀತೆಂಬ ಅಂಜಿಕೆಯಿಂದ, ಪೈಸೆ ಪೈಸೆ ಲೆಕ್ಕ ಹಾಕಿ ಅತಿ ಕಡಿಮೆ ದರದ ಟಿಕೆಟ್ ಕೊಂಡ ಕುಟುಂಬಗಳೂ ಆ ಹಣ ತೆರುತ್ತವೆ.

ಕಿಟಕಿಯ ಬದಿಗೋ ಕಾಲು ಚಾಚುವ ಜಾಗಕ್ಕೋ ಶುಲ್ಕ ಪಡೆಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ತುರ್ತು ಸಂದರ್ಭದಲ್ಲಿ ಪುಟ್ಟ ಮಗುವಿಗೆ ಆಮ್ಲಜನಕದ ಮಾಸ್ಕ್ ತೊಡಿಸಲು ಹಿರಿಯರು ಪಕ್ಕದಲ್ಲೇ ಇರುವುದು ಸುರಕ್ಷತೆಯ ಪ್ರಶ್ನೆ. ಮಗುವಿನ ವಯಸ್ಸು ನಮೂದಿಸಿದ ಕೂಡಲೇ ಪಕ್ಕದ ಆಸನ ಉಚಿತವಾಗಿ ನಿಗದಿಯಾಗಿ, ಹಣ ಪಾವತಿಗೆ ಮೊದಲೇ ಅದು ಪರದೆಯ ಮೇಲೆ ಕಾಣುವಂತೆ ಮಹಾನಿರ್ದೇಶನಾಲಯವು ಕಡ್ಡಾಯಗೊಳಿಸಬೇಕು.

– ಓದುಗರೊಬ್ಬರು, ಬೆಂಗಳೂರು