ತುಂಗಾ ಪ್ರವಾಹದ ಮುನ್ಸೂಚನೆ ಬೀದಿವಾರು ತಿಳಿಸುವಂತೆ ಕೋರಿ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ಶಿವಮೊಗ್ಗ

ಇವರಿಂದ,
ಕುಂಬಾರಗುಂಡಿ ಹಾಗೂ ಅಕ್ಕಪಕ್ಕದ ತಗ್ಗು ಬೀದಿಗಳ ನಿವಾಸಿಗಳು

ವಿಷಯ: ಮಳೆಗಾಲಕ್ಕೆ ಮೊದಲೇ ನೆರೆ ಸಿದ್ಧತೆ ಕೈಗೊಳ್ಳುವ ಬಗ್ಗೆ

ಮಾನ್ಯರೇ,

ಹೊಳೆ ಎಷ್ಟು ಬಂದಿದೆ ಎಂದು ತಿಳಿಯಲು ಈ ಊರಿನವರು ನೋಡುವುದು ಕೋರ್ಪಲಯ್ಯ ಛತ್ರದ ಮಂಟಪವನ್ನು. ಅದು ಮುಳುಗಿತೆಂದರೆ ಜನ ಸೇರುತ್ತಾರೆ, ಬಾಗಿನ ಬಿಡುತ್ತಾರೆ, ಫೋಟೊ ತೆಗೆಯುತ್ತಾರೆ. ನಾವೂ ಹೋಗುವವರೇ. ಆದರೆ ಮಳೆ ಚೆನ್ನಾಗಿ ಆದ ವರ್ಷವೆಲ್ಲ ಮಂಟಪ ಮುಳುಗುತ್ತದೆ, ಮನೆಗೆ ನೀರು ನುಗ್ಗುವುದು ಅಪರೂಪ. ಹೀಗಾಗಿ "2019ರಷ್ಟು ಬರಲ್ಲ ಬಿಡಿ" ಎಂಬ ಮಾತು ನಮ್ಮ ಬೀದಿಗಳಲ್ಲಿ ರೂಢಿಯಾಗಿಬಿಟ್ಟಿದೆ.

2019ರ ಆಗಸ್ಟ್‌ನಲ್ಲಿ ನೀರು ಮೊದಲು ಉಕ್ಕಿದ್ದು ಬಚ್ಚಲ ತೂತಿನಿಂದ, ಬೆನ್ನಿಗೇ ಕಕ್ಕಸಿನಿಂದ. ಹೊಳೆ ಏರಿದಾಗ ಚರಂಡಿ ನೀರು ಅತ್ತ ಇಳಿಯದೆ ಹಿಂದಕ್ಕೆ ಒತ್ತುತ್ತದೆ. ಹೊಸ್ತಿಲಿಗೆ ಮರಳಿನ ಚೀಲ ಒಟ್ಟಿದವರ ಮನೆಯಲ್ಲೂ ಅಕ್ಕಿ ಡಬ್ಬ ತೇಲಿತು.

ಆಕಾಶ ನೋಡಿ ಲೆಕ್ಕ ಹಾಕುವುದೂ ಇಲ್ಲಿ ಕೆಲಸಕ್ಕೆ ಬಾರದು. ಶೃಂಗೇರಿ, ತೀರ್ಥಹಳ್ಳಿ ಕಡೆ ಜಡಿಮಳೆ ಹಿಡಿದರೆ ಸಾಕು, ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ನಮಗಿಂತ ಮೇಲೆ ತುಂಗೆಗೆ ಕಟ್ಟಿರುವ ಗಾಜನೂರು ಅಣೆಕಟ್ಟಿನ ಸಾಮರ್ಥ್ಯ ಬರೀ 3.24 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), ದಿನವಿಡೀ 37,500 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಒಳಹರಿವಿದ್ದರೆ ಖಾಲಿ ಇದ್ದರೂ ಒಂದೇ ದಿನಕ್ಕೆ ತುಂಬುತ್ತದೆ. ತುಂಬಿದ ಮೇಲೆ ಬಂದ ನೀರನ್ನೆಲ್ಲ ಬಿಡದೆ ವಿಧಿಯಿಲ್ಲ. "ಇಷ್ಟು ಸಾವಿರ ಕ್ಯೂಸೆಕ್ ಬಿಡಲಾಗಿದೆ, ತಗ್ಗು ಪ್ರದೇಶದವರು ಎಚ್ಚರದಿಂದಿರಿ" ಎಂಬ ಪ್ರಕಟಣೆ ಎಂಜಿನಿಯರರಿಗೆ ಅರ್ಥವಾದೀತು. 2019ರ ನಂತರ ಬಾಡಿಗೆಗೆ ಬಂದ ಕುಟುಂಬಕ್ಕೆ ಫ್ರಿಜ್ ಎತ್ತಿಡಬೇಕೋ, ನೆಮ್ಮದಿಯಾಗಿ ಮಲಗಬಹುದೋ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಮನೆ ಮಾಲೀಕರಂತೂ ಹೇಳುವುದಿಲ್ಲ. ಹೇಳಿದರೆ ಬಾಡಿಗೆ ಇಳಿಯುತ್ತದಲ್ಲ!

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಇದು: 2019ರಲ್ಲಿ ನೀರು ನಿಂತ ಮಟ್ಟವನ್ನು ಪ್ರತಿ ಬೀದಿಯ ಕಂಬಗಳ ಮೇಲೆ ಬಣ್ಣದ ಪಟ್ಟಿಯಾಗಿ ಬರೆಸಬೇಕು. ಗಾಜನೂರಿನಿಂದ ಎಷ್ಟು ಬಿಟ್ಟರೆ ಯಾವ ಬೀದಿಗೆ ನೀರು ಬರುತ್ತದೆ ಎಂದು ನೀರಾವರಿ ಇಲಾಖೆಯ ಎಂಜಿನಿಯರರಿಂದ ಲೆಕ್ಕ ಹಾಕಿಸಿ, ಬೀದಿಯ ತುದಿಯಲ್ಲಿ ಬೋರ್ಡ್ ಹಾಕಿಸಬೇಕು. ಆಟೊ ಮೈಕಿನಲ್ಲಿ ಕೂಗಿಸುವಾಗ ಬೀದಿಯ ಹೆಸರು ಹಿಡಿದು, ಕನ್ನಡದ ಜೊತೆಗೆ ಉರ್ದು, ತಮಿಳಿನಲ್ಲೂ ಕೂಗಿಸಿ. ಚರಂಡಿಗಳು ಹೊಳೆ ಸೇರುವ ಕಡೆ ನೀರು ಹಿಂದಕ್ಕೆ ನುಗ್ಗದಂತೆ ಗೇಟ್ ಬೇಕು. ಖರ್ಚಿನ ಬಾಬ್ತು, ಈ ವರ್ಷವೇ ಆಗದಿರಬಹುದು. ನೆರೆ ಬಂದಾಗ ಜನ ಉಳಿಯುವ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ, ಅದರ ಬೀಗದ ಕೈ ಯಾರ ಬಳಿ ಎಂಬುದನ್ನಾದರೂ ಮೇ ತಿಂಗಳೊಳಗೆ ತಿಳಿಸಿ.

ಹಾಸಿಗೆ ಹಿಡಿದವರು, ಬಾಣಂತಿಯರು ಇರುವ ಮನೆಗಳ ಪಟ್ಟಿಯನ್ನು ನಾವೇ ತಯಾರಿಸಿ ಕೊಡುತ್ತೇವೆ. ಕಂಬಗಳಿಗೆ ಗುರುತು ಹಾಕಲು ಸಿಬ್ಬಂದಿ ಬರುವ ದಿನ ಮುಂಚಿತವಾಗಿ ತಿಳಿಸಿದರೆ, ನೀರು ಎಲ್ಲಿಯವರೆಗೆ ನಿಂತಿತ್ತೆಂದು ಪ್ರತಿ ಬೀದಿಯಲ್ಲೂ ತೋರಿಸಲು ಹಿರಿಯರೊಬ್ಬರು ಜೊತೆಗಿರುತ್ತಾರೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ನಿವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)