ಡೆಸಿಯಸ್‌ನ ಕಾಲದ ಕಾದಂಬರಿ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿಯ ಮೊದಲ ಮೂರು ಅಧ್ಯಾಯ ಓದಿ ಮುಗಿಸಿದೆ. ಕ್ರಿ.ಶ. 250ರ, ಉತ್ತರ ಆಫ್ರಿಕಾದ ಕಾರ್ಥೇಜ್ ಪಟ್ಟಣವನ್ನು ಕನ್ನಡದಲ್ಲಿ ಕಟ್ಟಲು ಹೊರಟಿದ್ದೀಯಲ್ಲ, ಅದೇ ನನಗೆ ದೊಡ್ಡ ಖುಷಿ. ಬಂದರಿನ ವರ್ಣನೆ ಚೆನ್ನಾಗಿ ಬಂದಿದೆ, ಅದನ್ನು ಮುಟ್ಟಬೇಡ. ಆದರೆ ನಿನ್ನ ರೋಮನ್ ಚಕ್ರವರ್ತಿ ಡೆಸಿಯಸ್ ಪುಟಪುಟದಲ್ಲೂ ಹಲ್ಲು ಕಡಿಯುತ್ತಾನೆ, ಸಿಂಹಗಳನ್ನು ಬಿಡಿಸುತ್ತಾನೆ. ನಿನ್ನ ಕ್ರೈಸ್ತರೆಲ್ಲ ಹಾಡು ಹೇಳಿಕೊಂಡು ಸಾವಿಗೆ ನಡೆಯುತ್ತಾರೆ. ಆ ಕಾಲದ ಕಥೆ ಇದಲ್ಲ ಕಣೋ. ಅಲ್ಲಿನ ಬಿಷಪ್ ಸಿಪ್ರಿಯನ್ ತಾನೇ ಬರೆದಿಟ್ಟಿರುವ ಪ್ರಕಾರ, ಕಾರ್ಥೇಜಿನ ಬಹುಪಾಲು ಕ್ರೈಸ್ತರು ಸಾಯಲಿಲ್ಲ, ಚಕ್ರವರ್ತಿಯ ಆಜ್ಞೆಗೆ ಬಾಗಿದರು. ಬಾಗಿದವರನ್ನು ಮುಂದೆ ಏನು ಮಾಡುವುದು ಅನ್ನುವ ಪ್ರಶ್ನೆಯೇ ಆ ಧರ್ಮಸಭೆಯನ್ನು ಬುಡದಿಂದ ಅಲ್ಲಾಡಿಸಿದ್ದು. ನಿನ್ನ ಕಾದಂಬರಿ ಅಲ್ಲಿ ನಿಲ್ಲಬೇಕು.

ಮೊದಲು ಚಕ್ರವರ್ತಿಯನ್ನು ಅರ್ಥ ಮಾಡಿಕೋ. ಅವನು ಡ್ಯಾನ್ಯೂಬ್ ಸೀಮೆಯಲ್ಲಿ ಹುಟ್ಟಿದವನು, ಅನುಭವಿ ಸೆನೆಟರ್. 249ರಲ್ಲಿ ವೆರೋನಾದ ಹತ್ತಿರ ಆಗಿನ ಚಕ್ರವರ್ತಿ ಫಿಲಿಪ್‌ನನ್ನು ಸೋಲಿಸಿ ಪಟ್ಟ ಹಿಡಿದ. ಅದರ ಹಿಂದಿನ ವರ್ಷವಷ್ಟೇ ರೋಮ್ ತನ್ನ ಸಾವಿರ ವರ್ಷದ ಹಬ್ಬ ಮಾಡಿತ್ತು. ಹಬ್ಬವೇನೋ ಜೋರಾಗಿತ್ತು, ಆದರೆ ಗಡಿಯಲ್ಲಿ ಗೋಥರು ನುಗ್ಗುತ್ತಿದ್ದರು, ಸೈನ್ಯ ಮೇಲಿಂದ ಮೇಲೆ ದಂಗೆ ಏಳುತ್ತಿತ್ತು. ದೇವತೆಗಳು ಮುನಿದಿದ್ದಾರೆ, ಅವರಿಗೆ ಸಲ್ಲಬೇಕಾದದ್ದು ಸಲ್ಲುತ್ತಿಲ್ಲ ಎಂದುಕೊಳ್ಳುವುದು ಆ ಕಾಲದ ರೋಮನ್ನನಿಗೆ ತೀರಾ ಸಹಜ. ಹಾಗಾಗಿ ಸಾಮ್ರಾಜ್ಯದ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕು ಎಂದು ಆಜ್ಞೆ ಹೊರಡಿಸಿದ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ. 212ರಲ್ಲಿ ಚಕ್ರವರ್ತಿ ಕ್ಯಾರಕಲ್ಲ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಪ್ರಜೆಗಳಿಗೂ ರೋಮನ್ ಪೌರತ್ವ ಕೊಟ್ಟಿದ್ದ. ಅದಿಲ್ಲದಿದ್ದರೆ ಇಂಥ ಆಜ್ಞೆ ಯೋಚಿಸುವುದಕ್ಕೂ ಆಗುತ್ತಿರಲಿಲ್ಲ. ಬಲಿ ಕೊಟ್ಟದ್ದಕ್ಕೆ ಸಿಗುತ್ತಿದ್ದ ಕಾಗದಗಳಲ್ಲಿ ಸಾಲುಸಾಲಾಗಿ ‘ಆರೇಲಿಯಸ್’, ‘ಆರೇಲಿಯಾ’ ಅನ್ನುವ ಹೆಸರು ಬರುವುದೂ ಅದೇ ಕಾರಣಕ್ಕೆ; ಕ್ಯಾರಕಲ್ಲನ ಮನೆತನದ ಹೆಸರು ಅದು.

ಕಾಗದ ಅಂದೆನಲ್ಲ, ಅದನ್ನು ಹತ್ತಿರದಿಂದ ನೋಡು. ಬಲಿ ಕೊಟ್ಟವರಿಗೆ ಪ್ರಮಾಣಪತ್ರ ಸಿಗುತ್ತಿತ್ತು. ಈಜಿಪ್ಟಿನ ಮರಳು ಇಂಥ 40ಕ್ಕೂ ಹೆಚ್ಚು ಪಪೈರಸ್‌ಗಳನ್ನು ಕಾಪಾಡಿದೆ, ಹೆಚ್ಚಿನವು ಫಯೂಮ್ ಸೀಮೆಯ ಥಿಯಡೆಲ್ಫಿಯಾ ಎಂಬ ಹಳ್ಳಿಯವು. 1893ರಲ್ಲಿ ಬರ್ಲಿನ್ನಿನಲ್ಲಿ ಮೊದಲು ಓದಿ ಪ್ರಕಟಿಸಿದ್ದು ಬೇರೊಂದು ಹಳ್ಳಿಯ ಡಯೋಜನೀಸ್ ಎಂಬವನದು. ವಯಸ್ಸು 72. ಬಲ ಹುಬ್ಬಿನ ಮೇಲೆ ಗಾಯದ ಕಲೆ. ನಮ್ಮ ಶಾಲೆಯ ದಾಖಲೆಯಲ್ಲಿ ಗುರುತಿನ ಮಚ್ಚೆ ಬರೆಸುತ್ತಿದ್ದರಲ್ಲ, ಥೇಟ್ ಹಾಗೆ. ‘ನಾನು ಯಾವತ್ತೂ ದೇವತೆಗಳಿಗೆ ಬಲಿ ಕೊಡುತ್ತ ಬಂದಿದ್ದೇನೆ, ಈಗಲೂ ಆಜ್ಞೆಯಂತೆ ನಿಮ್ಮೆದುರಿಗೇ ಬಲಿ ಕೊಟ್ಟು, ಪಾನೀಯ ಎರೆದು, ಬಲಿಯ ಮಾಂಸ ತಿಂದಿದ್ದೇನೆ, ದೃಢೀಕರಿಸಿ ಕೊಡಿ’ ಅನ್ನುವುದು ಅದರ ಸಾರ. ತಾರೀಖು 250ರ ಜೂನ್ 26. ಥಿಯಡೆಲ್ಫಿಯಾದ ಪತ್ರಗಳಲ್ಲಿ ಸೆರೀನಸ್, ಹರ್ಮಾಸ್ ಎಂಬ ಇಬ್ಬರು ‘ನೀನು ಬಲಿ ಕೊಟ್ಟದ್ದನ್ನು ನೋಡಿದೆವು’ ಎಂದು ಒಪ್ಪಿದ್ದಾರೆ, ಕೆಳಗೆ ಹರ್ಮಾಸ್ ಸಹಿ ಹಾಕಿದ್ದಾನೆ. ಅರ್ಸಿನೊಯೆ ಪಟ್ಟಣದಲ್ಲಿ ಮೊಸಳೆ ದೇವರಾದ ಪೆಟೆಸೂಖೋಸ್‌ನ ಪೂಜಾರಿಣಿಯೊಬ್ಬಳೂ ಇಂಥದೇ ಪತ್ರ ಮಾಡಿಸಿಕೊಂಡಿದ್ದಾಳೆ! ದೇವರ ಪೂಜೆಯನ್ನೇ ಕಸುಬಾಗಿಸಿಕೊಂಡವಳೂ ಬಂದು ಸಾಬೀತು ಮಾಡಬೇಕಾಯಿತು. ಸಿಕ್ಕಿರುವ ಒಂದೇ ಒಂದು ಪತ್ರದಲ್ಲೂ ‘ಕ್ರೈಸ್ತ’ ಅನ್ನುವ ಮಾತಿಲ್ಲ, ಕ್ರಿಸ್ತನನ್ನು ಬೈಯಿರಿ ಎಂದು ಕೇಳಿದ್ದೂ ಇಲ್ಲ.

ಇಲ್ಲಿಯೇ ನಿನ್ನ ಕಥೆಗೆ ಬೇಕಾದ ನಿಜವಾದ ಭಯ ಇರುವುದು. ದ್ವೇಷದಿಂದ ಕತ್ತಿ ಎತ್ತಿ ಬಂದವನ ಎದುರು ಎದೆ ಸೆಟೆಸುವುದು ಒಂದು ಬಗೆ. ಹರ್ಮಾಸ್‌ನಂಥ ಗುಮಾಸ್ತ, ಪರಿಚಯದವನೇ, ‘ಒಂದು ಚೂರು ಮಾಂಸ ಬಾಯಿಗೆ ಹಾಕಿಕೋ, ಸಹಿ ಮಾಡಿಬಿಡ್ತೀನಿ, ಮನೆಗೆ ಹೋಗು’ ಎಂದಾಗ ಬೇಡ ಅನ್ನುವುದು ಬೇರೆಯೇ ಬಗೆ. ಸಿಂಹಗಳನ್ನು ತೆಗೆದುಹಾಕಿ ಈ ಗುಮಾಸ್ತನನ್ನು ಒಳಗೆ ತಾ.

ಸತ್ತವರಿಲ್ಲ ಎಂದು ನಾನು ಹೇಳುತ್ತಿಲ್ಲ. ರೋಮಿನ ಬಿಷಪ್ ಫೇಬಿಯನ್ 250ರ ಜನವರಿ 20ರಂದು ಸತ್ತ. ಅಂತಿಯೋಕ್ಯದ ಬಬಿಲಾಸ್, ಜೆರುಸಲೇಮಿನ ಅಲೆಕ್ಸಾಂಡರ್ ಜೈಲಿನಲ್ಲೇ ಕಣ್ಣು ಮುಚ್ಚಿದರು. ಮಹಾ ಪಂಡಿತ ಒರಿಜೆನ್‌ಗೆ ಮುದಿ ವಯಸ್ಸಿನಲ್ಲಿ ಚಿತ್ರಹಿಂಸೆ ಕೊಟ್ಟರು, ಅವನು ಮತ್ತೆ ಚೇತರಿಸಿಕೊಳ್ಳಲಿಲ್ಲ. ಅವರ ಬಗ್ಗೆ ಭಕ್ತಿಯಿಂದಲೇ ಬರೆ. ಆದರೆ ಸ್ಮಿರ್ನಾದಲ್ಲಿ ಪಯೋನಿಯಸ್ ಎಂಬ ಪಾದ್ರಿ ಬೆಂಕಿಗೆ ಹೋದಾಗ, ಅದೇ ಊರಿನ ಬಿಷಪ್ ಯೂಕ್ಟೆಮೋನ್ ಬಲಿ ಕೊಟ್ಟು ಬಂದಿದ್ದ ಅನ್ನುವುದನ್ನೂ ಬರೆ.

ಸಿಪ್ರಿಯನ್ ಬರೆದದ್ದನ್ನು ನಿಧಾನವಾಗಿ ಓದು, ಕಾದಂಬರಿಕಾರನಿಗೆ ಅದೊಂದು ಗಣಿ. ಕಾರ್ಥೇಜಿನಲ್ಲಿ ಜನ ಎಷ್ಟು ಮುಗಿಬಿದ್ದರೆಂದರೆ, ಸಂಜೆಯಾಯಿತೆಂದು ಅಧಿಕಾರಿಗಳು ನಾಳೆ ಬನ್ನಿ ಎಂದು ಕಳಿಸಿದರಂತೆ. ಕೆಲವರು ದುಡ್ಡು ಕೊಟ್ಟು ಬರಿಯ ಪತ್ರ ಮಾಡಿಸಿಕೊಂಡರು: ‘ನಾನು ಕ್ರೈಸ್ತ, ಬಲಿ ಕೊಡುವಂತಿಲ್ಲ, ಕೊಡದೇ ಇರುವುದಕ್ಕೆ ಹಣ ಕೊಡುತ್ತೇನೆ’ ಅನ್ನುವುದು ಅವರ ಸಮಾಧಾನ. ಒಬ್ಬ ತನ್ನವರನ್ನೆಲ್ಲ ಎಳೆದುಕೊಂಡು ಬಲಿಪೀಠಕ್ಕೆ ಹೋದ. ಇನ್ನೊಬ್ಬ ಹೆಂಡತಿ ಮಕ್ಕಳು ಬಚಾವಾಗಲೆಂದು ಎಲ್ಲರ ಪಾಲಿನ ಪಾಪ ಹೊತ್ತು ತಾನೊಬ್ಬನೇ ಹೋದ. ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದು ಸಿಪ್ರಿಯನ್ ತಾನೇ ವಾದಿಸುತ್ತಾನೆ. ಈ ಎರಡನೆಯವನೇ ನಿನ್ನ ನಾಯಕನಾಗಲಿ ಎಂಬುದು ನನ್ನ ಆಸೆ.

ಇನ್ನೊಂದು ಪ್ರಸಂಗವಿದೆ. ತಂದೆ ತಾಯಿ ಊರು ಬಿಟ್ಟು ಓಡಿದ್ದಾರೆ, ಹಸುಗೂಸು ದಾದಿಯ ಕೈಯಲ್ಲಿದೆ. ದಾದಿ ಅದನ್ನು ಅಧಿಕಾರಿಗಳ ಬಳಿಗೆ ಒಯ್ದಳು. ಮಾಂಸ ತಿನ್ನುವ ವಯಸ್ಸಲ್ಲ, ಅದಕ್ಕೆ ಬಲಿಯ ದ್ರಾಕ್ಷಾರಸದಲ್ಲಿ ರೊಟ್ಟಿ ನೆನೆಸಿ ಬಾಯಿಗಿಟ್ಟರು. ತಾಯಿ ಹಿಂತಿರುಗಿ, ಏನೂ ತಿಳಿಯದೆ ಮಗುವನ್ನು ಆರಾಧನೆಗೆ ಕರೆತಂದಾಗ ಅದು ಪ್ರಭುಭೋಜನದ ದ್ರಾಕ್ಷಾರಸದ ಪಾತ್ರೆಯಿಂದ ಮುಖ ತಿರುಗಿಸಿತು. ಧರ್ಮಸೇವಕ ಬಲವಂತವಾಗಿ ಕುಡಿಸಿದ, ಮಗು ವಾಂತಿ ಮಾಡಿತು. ನಾನೇ ಅಲ್ಲಿದ್ದೆ ಅನ್ನುತ್ತಾನೆ ಸಿಪ್ರಿಯನ್. ಅವನಿಗೆ ಅದು ದೇವರ ಎಚ್ಚರಿಕೆ. ನೀನು ಅವನ ನಂಬಿಕೆಯನ್ನು ಕಿರಿದು ಮಾಡದೆ, ಅವನು ಒಂದು ಮಾತೂ ಕೊಡದ ಆ ದಾದಿಯ ಪಕ್ಕ ನಿಂತು ಬರೆ. ಪರರ ಮಗುವನ್ನು ಉಳಿಸಿಕೊಳ್ಳಲು ಅವಳಿಗೆ ಕಂಡ ದಾರಿ ಅದೊಂದೇ ಇರಬಹುದಲ್ಲ?

ಡೆಸಿಯಸ್ 251ರ ಜೂನ್‌ನಲ್ಲಿ, ಈಗಿನ ಬಲ್ಗೇರಿಯಾದ ಅಬ್ರಿಟಸ್ ಬಳಿ, ಗೋಥರ ಕೈಯಲ್ಲಿ ಮಗನ ಜೊತೆ ಜೌಗು ನೆಲದಲ್ಲಿ ಸತ್ತ. ಹೊರಗಿನ ಶತ್ರುವಿನ ಎದುರು ಯುದ್ಧದಲ್ಲಿ ಮಡಿದ ಮೊದಲ ರೋಮನ್ ಚಕ್ರವರ್ತಿ ಅವನು. ಮುಂದೆ ಲ್ಯಾಕ್ಟಾಂಟಿಯಸ್ ಎಂಬ ಕ್ರೈಸ್ತ ಲೇಖಕ ಆ ಅನಾಥ ಹೆಣದ ಬಗ್ಗೆ ಹಿಗ್ಗಿ ಬರೆದ. ನೀನು ಹಿಗ್ಗಬೇಡ, ಎರಡು ಸಾಲಿನಲ್ಲಿ ಮುಗಿಸು. ಯಾಕೆಂದರೆ ಜಗಳ ಆಗಲೇ ಒಳಗೆ ಹೊತ್ತಿಕೊಂಡಿತ್ತು.

ಜೈಲಿನಲ್ಲಿ ಹಿಂಸೆ ತಡೆದುಕೊಂಡವರು ಬಾಗಿದವರಿಗೆ ಕ್ಷಮೆಯ ಚೀಟಿ ಬರೆದುಕೊಡತೊಡಗಿದ್ದರು. ‘ಇಂಥವನನ್ನೂ ಅವನ ಕಡೆಯವರನ್ನೂ ಸೇರಿಸಿಕೊಳ್ಳಿ’ ಎಂದಿರುತ್ತಿತ್ತು. ಒಂದು ಚೀಟಿಗೆ 20-30 ಜನ ಬಂದು ನಿಂತರೆ ಏನು ಮಾಡಲಿ ಎಂದು ಸಿಪ್ರಿಯನ್ ಗೋಳಾಡುತ್ತಾನೆ. ಅವನಾದರೋ ಸ್ವತಃ ಅಡಗಿ ಕುಳಿತವನು, ಜೈಲು ಕಂಡವರಿಗೆ ಬುದ್ಧಿ ಹೇಳುವ ಹಕ್ಕು ಇವನಿಗೆಲ್ಲಿದೆ ಎಂದು ಜನ ಕೇಳಿದರು. ಕ್ಷಮಿಸುವ ಅಧಿಕಾರ ಯಾರದು? ನೋವು ಉಂಡವನದೋ, ಪೀಠದಲ್ಲಿರುವವನದೋ? 251ರಲ್ಲಿ ಕಾರ್ಥೇಜಿನಲ್ಲಿ ಬಿಷಪ್ಪರು ಸೇರಿ ತೀರ್ಮಾನಿಸಿದರು: ಬರಿಯ ಪತ್ರ ಪಡೆದವರನ್ನು ವಿಚಾರಿಸಿ, ಪ್ರಾಯಶ್ಚಿತ್ತ ಮಾಡಿಸಿ ಸೇರಿಸಿಕೊಳ್ಳುವುದು. ಬಲಿ ಕೊಟ್ಟವರಿಗೆ ಸಾಯುವ ಹೊತ್ತಿಗೆ ಕ್ಷಮೆ. ಆಮೇಲೆ, ಮತ್ತೊಂದು ಹಿಂಸೆಯ ಸುಳಿವು ಕಂಡಾಗ, ಪಶ್ಚಾತ್ತಾಪಪಟ್ಟವರಿಗೆಲ್ಲ ಬಾಗಿಲು ತೆರೆದರು. ರೋಮಿನಲ್ಲಿ ನೊವೇಷಿಯನ್ ಎಂಬ ವಿದ್ವಾಂಸ, ಬಾಗಿದವರನ್ನು ಸೇರಿಸಿಕೊಳ್ಳುವುದನ್ನೇ ಒಪ್ಪದೆ, 251ರಲ್ಲೇ ಪ್ರತಿಸ್ಪರ್ಧಿ ಬಿಷಪ್ಪನಾಗಿದ್ದ. ಅವನ ಪಂಥ ಶತಮಾನಗಳ ಕಾಲ ಬದುಕಿತು. ಕ್ಷಮೆ ಕೊಡುವ, ತಡೆಯುವ ಅಧಿಕಾರ ಬಿಷಪ್ಪರ ಕೈಯಲ್ಲಿ ಗಟ್ಟಿಯಾದದ್ದು ಈ ಜಗಳದಲ್ಲಿ. ಡೆಸಿಯಸ್ ಬಯಸದೆಯೇ ಇದು ಆಯಿತು.

ಆ ಧರ್ಮಸಭೆಯ ಗಾತ್ರವೂ ನಿನ್ನ ತಲೆಯಲ್ಲಿರಲಿ. ರೋಮಿನ ಹೊಸ ಬಿಷಪ್ ಕೊರ್ನೇಲಿಯಸ್ ತನ್ನ ಪತ್ರದಲ್ಲಿ 46 ಪಾದ್ರಿಗಳು, 7 ಧರ್ಮಸೇವಕರು, ಸಭೆಯ ಅನ್ನ ಉಣ್ಣುವ 1500ಕ್ಕೂ ಹೆಚ್ಚು ವಿಧವೆಯರು ಮತ್ತು ಬಡವರನ್ನು ಲೆಕ್ಕ ಕೊಡುತ್ತಾನೆ. ಸಭೆಯಿಂದ ಹೊರಬೀಳುವುದೆಂದರೆ ಅಂಥವರಿಗೆ ಹೊಟ್ಟೆಯ ಪ್ರಶ್ನೆಯೂ ಹೌದು. ನಿನ್ನ ಪಾತ್ರಗಳು ಬರೀ ಆತ್ಮದ ಬಗ್ಗೆಯೇ ಮಾತಾಡುತ್ತವೆ, ಒಬ್ಬಳಾದರೂ ಅಕ್ಕಿ-ಬೇಳೆಯ ಚಿಂತೆ ಮಾಡಲಿ. ಅಲ್ಲಿ ಅದು ಗೋಧಿ, ಎಣ್ಣೆ.

ಸಿಪ್ರಿಯನ್‌ನ ಶಿರಚ್ಛೇದ ನಡೆದದ್ದು 258ರ ಸೆಪ್ಟೆಂಬರ್ 14ರಂದು, ಚಕ್ರವರ್ತಿ ವಲೇರಿಯನ್‌ನ ಕಾಲದಲ್ಲಿ. ಆ ಸಾವಿನ ಮೋಹಕ್ಕೆ ಬೀಳಬೇಡ, ಅದು ಈ ಪುಸ್ತಕದ ಹೊರಗಿನದು. ನಿನಗೆ ಬೇಕಾದವನು 251ರ ವಸಂತದಲ್ಲಿ ಅಡಗುದಾಣದಿಂದ ಊರಿಗೆ ವಾಪಸಾದ ಸಿಪ್ರಿಯನ್. ಅವನೆದುರು ಬಾಗಿದವರೂ ಬಾಗದವರೂ ಒಟ್ಟಿಗೆ ನಿಂತಿದ್ದಾರೆ, ಇಬ್ಬರಿಗೂ ಅವನ ಮೇಲೆ ಸಿಟ್ಟಿದೆ. ದಾದಿಯ ಅಧ್ಯಾಯವನ್ನು ಮೊದಲು ಬರೆ, ಅದೊಂದನ್ನೇ ಕಳಿಸು. ಉಳಿದದ್ದನ್ನು ಅದು ಓದಿದ ಮೇಲೆ ಮಾತಾಡೋಣ.

ಇಂತು,
ನಿನ್ನ ಅಣ್ಣ